ಗ್ರೇಡಿಯೆಂಟ್: ವೆಕ್ಟರ್ ಚಿತ್ರಣದಲ್ಲಿ ಬಣ್ಣ ಬೆರೆಸಿದ ಬಗೆ

ಒಂದು ಬಣ್ಣ ಗಡಿಗೆರೆ ಕಾಣದಂತೆ ಇನ್ನೊಂದು ಬಣ್ಣಕ್ಕೆ ಜಾರುವುದೇ ಗ್ರೇಡಿಯೆಂಟ್. ಡಿಸೈನ್ ಮಾಡಿಸಲು ಬಂದ ಗಿರಾಕಿಯ ಬಾಯಲ್ಲಿ ಅದು ‘ಶೇಡ್’. ಕೋರೆಲ್ ಡ್ರಾ ತಂತ್ರಾಂಶದಲ್ಲಿ ಅದೇ ‘ಫೌಂಟನ್ ಫಿಲ್’, ಫ್ರೀಹ್ಯಾಂಡ್‌ನಲ್ಲಿ ‘ಗ್ರಾಜುಯೇಟೆಡ್ ಫಿಲ್’, ಅಡೋಬ್ ಇಲಸ್ಟ್ರೇಟರ್‌ನಲ್ಲಿ ‘ಗ್ರೇಡಿಯೆಂಟ್’. ಹೆಸರುಗಳ ಈ ರಾಶಿಗೆ ‘ಬ್ಲೆಂಡ್’ ಎಂಬ ಇನ್ನೊಂದು ಪದವೂ ಸೇರಿಕೊಂಡಿದೆ. ಈ ವಿಷಯದ ಚರಿತ್ರೆ ಗೋಜಲಾಗಿರುವುದು ಮುಖ್ಯವಾಗಿ ಆ ಪದದಿಂದ.

ಬ್ಲೆಂಡ್ ಬೇರೆ, ಗ್ರೇಡಿಯೆಂಟ್ ಬೇರೆ. ಬ್ಲೆಂಡ್ ಎಂದರೆ ಎರಡು ಆಕೃತಿಗಳ ನಡುವೆ ತಂತ್ರಾಂಶವೇ ಹತ್ತಾರು ನಡುವಣ ಆಕೃತಿಗಳನ್ನು ಹೆಣೆದು ಸಾಲಾಗಿ ಜೋಡಿಸುವುದು. ಹಳದಿ ಚೌಕ ಒಂದು ತುದಿಗೆ, ಕೆಂಪು ವೃತ್ತ ಇನ್ನೊಂದು ತುದಿಗೆ ಇಟ್ಟರೆ ನಡುವೆ ಚೌಕ ಮೆಲ್ಲಗೆ ದುಂಡಗಾಗುತ್ತ, ಹಳದಿ ಮೆಲ್ಲಗೆ ಕೆಂಪಾಗುತ್ತ ಹೋಗುತ್ತದೆ. ಗ್ರೇಡಿಯೆಂಟ್‌ನಲ್ಲಿ ಆಕೃತಿ ಒಂದೇ. ಅದರೊಳಗೆ ತುಂಬುವ ಬಣ್ಣಕ್ಕೆ ಒಂದು ಸೂತ್ರವಿರುತ್ತದೆ: ಇಲ್ಲಿ ಹಳದಿ, ಅಲ್ಲಿ ಕೆಂಪು, ನಡುವೆ ಲೆಕ್ಕ ಹಾಕಿಕೋ. ನೋಡುವ ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು. ತಿದ್ದಲು ಕೂತವನಿಗೆ ಮಾತ್ರ ಅಜಗಜಾಂತರ.

ಕಂಪ್ಯೂಟರಿಗಿಂತ ಮುಂಚಿನ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸಬಹುದು. ವೆಕ್ಟರ್ ಚಿತ್ರಣದ ಮೂಲ ವ್ಯಾಕರಣ ರೇಖೆ ಮತ್ತು ತುಂಬು. ಹೊರಗೆರೆ ಎಳೆ, ಒಳಗೆ ಬಣ್ಣ ತುಂಬು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕಾಪಾಡಿಕೊಂಡು ಬಂದ 12ನೇ ಶತಮಾನದ ಧವಲಾ ಗ್ರಂಥದ ತಾಡವೋಲೆಗಳ ಚಿತ್ರಗಳು ಈ ವ್ಯಾಕರಣದವೇ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲೇ. ಕಲ್ಲಚ್ಚಿನಲ್ಲಿ ಕಲ್ಲಿನ ತರಿಯ ಮೇಲೆ ಮೇಣದ ಬಳಪ ಒತ್ತಿ ಎಳೆದರೆ ಗಾಢ, ತೇಲಿಸಿ ಎಳೆದರೆ ತಿಳಿ. ಅಚ್ಚಿನ ಯಂತ್ರದ ಶಾಯಿ ತೊಟ್ಟಿಯ ಎರಡು ಕೊನೆಗಳಲ್ಲಿ ಎರಡು ಬಣ್ಣ ಹಾಕಿ ಉರುಳೆಯೇ ನಡುವೆ ಬೆರೆಸಿಕೊಳ್ಳುವಂತೆ ಬಿಡುವುದೂ ಹಳೆಯ ಉಪಾಯ. ನೋಟು ಮತ್ತು ಭದ್ರತಾ ಪತ್ರಗಳ ಮುದ್ರಣದಲ್ಲಿ ಅದು ಇಂದಿಗೂ ಉಂಟು. ಇಂಗ್ಲಿಷ್ ಮುದ್ರಕರ ಭಾಷೆಯಲ್ಲಿ ಆ ತೊಟ್ಟಿಯ ಹೆಸರೇ ‘ಫೌಂಟನ್’. ಕೋರೆಲ್‌ನ ‘ಫೌಂಟನ್ ಫಿಲ್’ ಎಂಬುದನ್ನು ಕಾರಂಜಿ ಎಂದು ಓದುವುದಕ್ಕಿಂತ ಶಾಯಿ ತೊಟ್ಟಿ ಎಂದು ಓದಿಕೊಂಡರೆ ಅರ್ಥ ಕೂಡಿಬರುತ್ತದೆ. ಊರೂರಿನ ಬೋರ್ಡ್ ಬರೆಯುವ ಕಲಾವಿದರು ಎನಾಮಲ್ ಬಣ್ಣ ಒಣಗುವ ಮೊದಲೇ ಪಕ್ಕದ ಬಣ್ಣದೊಳಕ್ಕೆ ಬ್ರಷ್ ಎಳೆದು ಇದೇ ಕೆಲಸ ಮಾಡುತ್ತಿದ್ದರು.

ಮೊದಲು ಬಂದದ್ದು ಯಾವುದು?

ಪುಸ್ತಕಗಳೂ ಪಾಠಗಳೂ ಗ್ರೇಡಿಯೆಂಟನ್ನು ಇಲಸ್ಟ್ರೇಟರ್‌ನ ಹುಟ್ಟಿನ ಜೊತೆಗೇ ಕಟ್ಟಿಹಾಕುವುದುಂಟು. ಆವೃತ್ತಿಗಳನ್ನು ಒಂದೊಂದಾಗಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. 1987ರಲ್ಲಿ ಮ್ಯಾಕಿಂತೋಷ್‌ಗಾಗಿ ಬಂದ ಮೊದಲ ಇಲಸ್ಟ್ರೇಟರ್‌ನಲ್ಲಿ ಪೆನ್ ಟೂಲ್ ಇತ್ತು, ಬೆಜಿಯೇ ವಕ್ರರೇಖೆಗಳಿದ್ದವು, ಬಣ್ಣದ ಇಳಿತ ಇರಲಿಲ್ಲ. ಮರುವರ್ಷದ ‘ಇಲಸ್ಟ್ರೇಟರ್ 88’ ಬ್ಲೆಂಡ್ ಟೂಲ್ ತಂದಿತು. ಅದೇ 1988ರಲ್ಲಿ ಆಲ್ಟ್‌ಸಿಸ್ ಕಂಪನಿ ರೂಪಿಸಿ ಆಲ್ಡಸ್ ಮಾರಿದ ಫ್ರೀಹ್ಯಾಂಡ್ ಹೊರಬಂತು. ಅದರಲ್ಲಿ ಆಕೃತಿಯೊಳಗೆ ನೇರವಾಗಿ ತುಂಬುವ ಸರಳರೇಖೆಯ ಇಳಿತ, ಕೇಂದ್ರದಿಂದ ಹೊರಕ್ಕೆ ಹರಡುವ ಇಳಿತ ಎರಡೂ ಇದ್ದವು. ಇಲಸ್ಟ್ರೇಟರ್‌ಗೆ ಗ್ರೇಡಿಯೆಂಟ್ ಸಾಧನ ದಕ್ಕಿದ್ದು 1993ರ 5ನೇ ಆವೃತ್ತಿಯಲ್ಲಿ. ಅಂದರೆ ಬ್ಲೆಂಡನ್ನೇ ಗ್ರೇಡಿಯೆಂಟ್ ಎಂದು ಎಣಿಸುವವರಿಗೆ 1988ರ ಗೌರವ ಇಬ್ಬರಿಗೂ ಸಮಪಾಲು. ತುಂಬುವ ಸೂತ್ರವನ್ನು ಮಾತ್ರ ಎಣಿಸುವುದಾದರೆ ಈ ಎರಡರಲ್ಲಿ ಫ್ರೀಹ್ಯಾಂಡ್ ಐದು ವರ್ಷ ಮುಂದೆ. ಎರಡನೆಯ ಲೆಕ್ಕವೇ ಸರಿಯಾದದ್ದು. ಬ್ಲೆಂಡ್‌ನಿಂದ ಇಳಿಬಣ್ಣ ಬರಿಸುವುದು ಒಂದು ಉಪಾಯ, ಅದೇ ಉದ್ದೇಶವಲ್ಲ. ಬಣ್ಣ ಬದಲಿಸಬೇಕೆಂದರೆ ಆಗ ಇಡೀ ಸಾಲನ್ನು ಅಳಿಸಿ ಮತ್ತೆ ಹೆಣೆಯಬೇಕಿತ್ತು. ತುದಿಯ ಬಣ್ಣ ಬದಲಿಸಿದೊಡನೆ ತಾನೇ ಬದಲಾಗುವ ‘ಲೈವ್ ಬ್ಲೆಂಡ್’ ಇಲಸ್ಟ್ರೇಟರ್‌ಗೆ ಬಂದದ್ದು 1998ರ 8ನೇ ಆವೃತ್ತಿಗೆ.

ಗೆದ್ದ ಕಂಪನಿಯೇ ಚರಿತ್ರೆ ಹೇಳಿದ್ದೂ ಗೊಂದಲಕ್ಕೆ ಒಂದು ಕಾರಣ. ಆಲ್ಡಸ್ 1994ರಲ್ಲಿ ಅಡೋಬ್ ಪಾಲಾಯಿತು. ಫ್ರೀಹ್ಯಾಂಡ್ ಆಲ್ಟ್‌ಸಿಸ್‌ಗೆ ಹಿಂದಿರುಗಿ ಅಲ್ಲಿಂದ ಮ್ಯಾಕ್ರೋಮೀಡಿಯಾಗೆ ಹೋಯಿತು. 2005ರಲ್ಲಿ ಅಡೋಬ್ ಮ್ಯಾಕ್ರೋಮೀಡಿಯಾವನ್ನೇ ಕೊಂಡುಕೊಂಡಿತು. ಎರಡು ವರ್ಷದಲ್ಲಿ ಫ್ರೀಹ್ಯಾಂಡ್‌ನ ಬೆಳವಣಿಗೆ ನಿಂತುಹೋಯಿತು.

ಇತ್ತ ಕೆನಡಾದ ಒಟ್ಟಾವದಲ್ಲಿ ಮೈಕೆಲ್ ಕೌಪ್‌ಲೆಂಡ್ 1985ರಲ್ಲಿ ಕಟ್ಟಿದ ಕೋರೆಲ್ ಕಂಪನಿ 1989ರ ಜನವರಿಯಲ್ಲಿ ಕೋರೆಲ್ ಡ್ರಾ ಬಿಡುಗಡೆ ಮಾಡಿತು. ಭಾರತದ ಮಟ್ಟಿಗೆ ನಿಜವಾದ ತಿರುವು ಇದು. ಕೋರೆಲ್ ಮೊದಲಿನಿಂದಲೂ ವಿಂಡೋಸ್‌ನಲ್ಲಿ ಓಡಿತು. ಇಲಸ್ಟ್ರೇಟರ್ ವಿಂಡೋಸ್ ಬಳಕೆದಾರರಿಗೆ 4ನೇ ಆವೃತ್ತಿಯ ಸರಣಿ ಕೊಟ್ಟು ಮುಂದಿನದಕ್ಕೆ 1997ರ 7ನೇ ಆವೃತ್ತಿಯವರೆಗೆ ಕಾಯಿಸಿತು. ಮ್ಯಾಕ್ ಕೊಳ್ಳುವ ಶಕ್ತಿ ಇಲ್ಲದ ಸಣ್ಣ ಊರುಗಳ ಡಿಟಿಪಿ ಅಂಗಡಿಗಳು ಆ ಹೊತ್ತಿಗೆ ಕೋರೆಲ್‌ಗೆ ಒಗ್ಗಿಹೋಗಿದ್ದವು. ಎಫ್11 ಒತ್ತಿದರೆ ಫೌಂಟನ್ ಫಿಲ್‌ನ ಪೆಟ್ಟಿಗೆ ತೆರೆಯುತ್ತದೆ ಎಂಬುದು ಬೆರಳಿಗೇ ಗೊತ್ತಿತ್ತು.

ಪಟ್ಟಿಗಳ ಲೆಕ್ಕ

ಪರದೆಯ ಮೇಲೆ ನುಣ್ಣಗಿದ್ದ ಇಳಿಬಣ್ಣ ಮುದ್ರಣದಲ್ಲಿ ಮೆಟ್ಟಿಲಾಗುವುದು ಈ ಕಸುಬಿನ ಹಳೆಯ ಕಾಯಿಲೆ. ಕಾರಣ ತಂತ್ರಾಂಶಕ್ಕಿಂತ ಹೆಚ್ಚಾಗಿ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿದೆ. ಅಡೋಬ್ 1984ರಲ್ಲಿ ರೂಪಿಸಿದ ಈ ಪುಟ ವಿವರಣೆಯ ಭಾಷೆಗೆ ರೇಖೆ, ವಕ್ರರೇಖೆ, ಒಂದು ಬಣ್ಣದ ತುಂಬು ಎಲ್ಲ ಗೊತ್ತಿದ್ದವು. ಇಳಿಬಣ್ಣಕ್ಕೆ ಮಾತ್ರ ಅದರಲ್ಲಿ ಪದವಿರಲಿಲ್ಲ. ಹೀಗಾಗಿ ತಂತ್ರಾಂಶಗಳು ಗ್ರೇಡಿಯೆಂಟನ್ನು ಸಪೂರ ಪಟ್ಟಿಗಳಾಗಿ ಕೊಯ್ದು, ಒಂದೊಂದಕ್ಕೂ ಒಂದೊಂದು ಬಣ್ಣ ಕೊಟ್ಟು ಕಳುಹಿಸುತ್ತಿದ್ದವು.

ಎಷ್ಟು ಪಟ್ಟಿ ಸಾಕು? ಮುದ್ರಣದ ಸೂಕ್ಷ್ಮತೆಯನ್ನು, ಅಂದರೆ ಒಂದು ಇಂಚಿನಲ್ಲಿ ಯಂತ್ರ ಇಡುವ ಚುಕ್ಕೆಗಳ ಸಂಖ್ಯೆಯನ್ನು, ಹಾಫ್‌ಟೋನ್ ಜಾಲರಿಯ ಸಾಲುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ 1 ಕೂಡಿಸಿದರೆ ಆ ಯಂತ್ರ ತೋರಿಸಬಲ್ಲ ಛಾಯೆಗಳ ಸಂಖ್ಯೆ ಸಿಗುತ್ತದೆ. 300 ಚುಕ್ಕೆಯ ಲೇಸರ್ ಪ್ರಿಂಟರ್, 60 ಸಾಲಿನ ಜಾಲರಿ: ಐದರ ವರ್ಗ 25, ಜೊತೆಗೆ 1, ಒಟ್ಟು 26 ಛಾಯೆ. ಕಂಪ್ಯೂಟರಿನಲ್ಲಿ 256 ಮೆಟ್ಟಿಲಿನ ಶೇಡ್ ಕೊಟ್ಟರೂ ಕಾಗದದಲ್ಲಿ 26ಕ್ಕಿಂತ ಹೆಚ್ಚು ಬಾರದು. 2400 ಚುಕ್ಕೆಯ ಇಮೇಜ್‌ಸೆಟರ್‌ನಲ್ಲಿ 150 ಸಾಲಿನ ಜಾಲರಿಗೆ 257 ಬರುತ್ತದೆ, ಅಲ್ಲಿ 256ಕ್ಕೆ ಧಾರಾಳ ಜಾಗ.

256 ಎಂಬುದೇ ಮುಂದಿನ ತೊಡಕು. ಒಂದು ಬಣ್ಣದ ವಾಹಿನಿಗೆ 8 ಬಿಟ್ ಎಂದರೆ 256 ಹಂತ. ಲಗ್ನಪತ್ರಿಕೆಗೆ ಅಷ್ಟು ಬೇಕಾದಷ್ಟಾಯಿತು. ಹತ್ತಡಿ ಅಗಲದ ಫ್ಲೆಕ್ಸ್‌ನಲ್ಲಿ ಹಾಗಲ್ಲ. ಹತ್ತಡಿ ಎಂದರೆ 3048 ಮಿಲಿಮೀಟರ್. ಬಿಳಿಯಿಂದ ಪೂರ್ಣ ಬಣ್ಣದವರೆಗೆ ಇಳಿದರೆ ಒಂದೊಂದು ಪಟ್ಟಿ ಸುಮಾರು 12 ಮಿಲಿಮೀಟರ್ ಅಗಲವಾಗುತ್ತದೆ. ಗಿರಾಕಿ ‘ಹಿಂದೆ ಸಣ್ಣಕೆ ಒಂದು ಶೇಡ್ ಇರಲಿ’ ಎಂದದ್ದಕ್ಕೆ ಶೇ. 40ರಿಂದ 60ರ ನಡುವಿನ ಮೆಲುವಾದ ಇಳಿತ ಕೊಟ್ಟರೆ ಕೈಗೆ ಸಿಗುವ ಹಂತಗಳು ಬರೀ 51, ಒಂದೊಂದು ಪಟ್ಟಿ ಆರು ಸೆಂಟಿಮೀಟರ್. ಇಳಿತ ಮೆಲುವಾದಷ್ಟೂ ಮೆಟ್ಟಿಲು ಅಗಲ. ಸಾಲದ್ದಕ್ಕೆ, ಪಕ್ಕಪಕ್ಕದ ಎರಡು ಛಾಯೆಗಳ ಅಂಚನ್ನು ಮನುಷ್ಯನ ಕಣ್ಣು ಇದ್ದದ್ದಕ್ಕಿಂತ ಎದ್ದು ಕಾಣುವಂತೆ ಮಾಡಿಕೊಳ್ಳುತ್ತದೆ. ಅರ್ನ್ಸ್ಟ್ ಮಾಕ್ 1865ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಗೆರೆಗಳಿಗೆ ಮಾಕ್ ಪಟ್ಟಿಗಳೆಂದೇ ಹೆಸರು. ಮದ್ದು ವಿಚಿತ್ರವಾದದ್ದು: ಇಳಿಬಣ್ಣದ ಮೇಲೆ ಬೇಕೆಂದೇ ಒಂದಿಷ್ಟು ಧೂಳಿನಂಥ ಚುಕ್ಕೆ ಉದುರಿಸುವುದು. ಅಂಚು ಚದುರಿದರೆ ಕಣ್ಣು ಮೋಸಹೋಗುತ್ತದೆ.

1997ರ ‘ಪೋಸ್ಟ್‌ಸ್ಕ್ರಿಪ್ಟ್ 3’ ಈ ಕಥೆಯ ದೊಡ್ಡ ತಿರುವು. ಅಲ್ಲಿಂದ ಇಳಿಬಣ್ಣಕ್ಕೆ ಭಾಷೆಯಲ್ಲೇ ಜಾಗ ಸಿಕ್ಕಿತು. ಪಟ್ಟಿಗಳ ಬದಲು ಸೂತ್ರವನ್ನೇ ಕಳುಹಿಸಿದರೆ ಮುದ್ರಣ ಯಂತ್ರ ತನ್ನ ಶಕ್ತಿಗೆ ತಕ್ಕಂತೆ ಬಣ್ಣ ಬಿಡಿಸಿಕೊಳ್ಳುತ್ತದೆ. ಪಿಡಿಎಫ್‌ನ 1.3 ಆವೃತ್ತಿ ಪೋಸ್ಟ್‌ಸ್ಕ್ರಿಪ್ಟ್ 3ರ ಏಳೂ ಬಗೆಯ ಇಳಿತಗಳನ್ನು ಅಳವಡಿಸಿಕೊಂಡಿತು. ಆ ಏಳರಲ್ಲಿ ಎರಡು ಬಗೆಗಳ ಬೇರು 1971ರಷ್ಟು ಹಿಂದಿನದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆನ್ರಿ ಗುರೋ ತ್ರಿಕೋನದ ಮೂರು ಮೂಲೆಗಳ ಛಾಯೆಯಿಂದ ಒಳಗಿನ ಛಾಯೆ ಲೆಕ್ಕ ಹಾಕುವ ಕ್ರಮ ಕಂಡುಹಿಡಿದಿದ್ದರು. ಪರೀಕ್ಷೆಗೆ ಬಳಸಿದ್ದು ಹೆಂಡತಿ ಸಿಲ್ವಿಯ ಮುಖದ ಅಳತೆಗಳನ್ನು.

ಅಕ್ಷರ, ಒತ್ತು, ತಲೆಕಟ್ಟು

ಗ್ರೇಡಿಯೆಂಟ್ ಬಗೆಗಿನ ಇಂಗ್ಲಿಷ್ ಕೈಪಿಡಿಗಳಲ್ಲಿ ಎಲ್ಲೂ ಕಾಣದ ಒಂದು ಅಧ್ಯಾಯ ಕನ್ನಡದ್ದು. ನುಡಿಯಂಥ ಹಳೆಯ ಸಂಕೇತ ಕ್ರಮದ ಫಾಂಟುಗಳಲ್ಲಿ ಕನ್ನಡ ಅಕ್ಷರ ಇಡಿಯಾಗಿ ಇರುವುದಿಲ್ಲ. ಮೈ ಬೇರೆ, ತಲೆಕಟ್ಟು ಬೇರೆ, ಸ್ವರಚಿಹ್ನೆ ಬೇರೆ, ಒತ್ತು ಬೇರೆ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ಉಚ್ಚಾರಣೆಯಂತೆ ಟೈಪ್ ಮಾಡಿದರೆ ತಂತ್ರಾಂಶ ಈ ತುಂಡುಗಳನ್ನು ಹಿಂದೆಯೇ ಜೋಡಿಸಿಕೊಡುತ್ತದೆ. ಟೈಪ್ ಮಾಡುವವನಿಗೆ ಅದು ಗೊತ್ತಾಗುವುದೂ ಇಲ್ಲ. ಶೇಡ್ ಕೊಟ್ಟಾಗ ಗೊತ್ತಾಗುತ್ತದೆ.

‘ಬಂಟ್ವಾಳ’ ಎಂದು ಬರೆಯಿರಿ. ಓದುವವರಿಗೆ ಮೂರು ಅಕ್ಷರ. ಫಾಂಟಿನ ಲೆಕ್ಕದಲ್ಲಿ ಬ, ಸೊನ್ನೆ, ಟ-ದ ಮೈ, ದೀರ್ಘ, ವ-ಒತ್ತು, ಳ-ದ ಮೈ, ತಲೆಕಟ್ಟು ಎಂದು ಏಳು ತುಂಡು. ಇಲಸ್ಟ್ರೇಟರ್‌ನಲ್ಲಿ ಇದನ್ನು ಔಟ್‌ಲೈನ್ ಮಾಡಿ ಮೇಲೆ ಹಳದಿ, ಕೆಳಗೆ ಕೆಂಪು ಬರುವಂತೆ ಗ್ರೇಡಿಯೆಂಟ್ ಕೊಟ್ಟರೆ ಪ್ರತಿ ತುಂಡೂ ತನ್ನದೇ ಇಳಿತ ಶುರುಮಾಡುತ್ತದೆ. ಟಾ-ದ ಬುಡ ಕೆಂಪಾಗಿ ಮುಗಿದಲ್ಲಿ ವ-ಒತ್ತಿನ ತಲೆ ಮತ್ತೆ ಹಳದಿ. ಳ-ದ ತಲೆಕಟ್ಟು ತನ್ನ ಪುಟ್ಟ ಎತ್ತರದೊಳಗೇ ಹಳದಿಯಿಂದ ಕೆಂಪಿನವರೆಗೆ ಪೂರ್ತಿ ಓಡಿ ಮುಗಿಸಿರುತ್ತದೆ. ‘ಬೆಳ್ತಂಗಡಿ’ಯಲ್ಲಿ ತ-ಒತ್ತಿಗೂ ಇದೇ ಗತಿ. ‘ಮೂಡುಬಿದಿರೆ’ಗೆ ಒತ್ತಿಲ್ಲ, ಹಾಗಾಗಿ ಅಷ್ಟು ಮಟ್ಟಿಗೆ ಬಚಾವ್. ಎಲ್ಲ ತುಂಡುಗಳನ್ನೂ ಕೂಡು ರೇಖೆಯಾಗಿ ಒಂದು ಮಾಡಿದರೆ ಇಳಿತ ಸಾಲಿನುದ್ದಕ್ಕೂ ಒಂದಾಗುತ್ತದೆ.

ಕೋರೆಲ್‌ನ ತರಲೆ ಬೇರೆ ಥರ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರ ಕೆಡದಿರಲಿ ಎಂದು ‘ಕರ್ವ್ ಮಾಡಿ ಕಳಿಸಿ’ ಎನ್ನುವುದು ಪ್ರೆಸ್ಸುಗಳ ನಿತ್ಯದ ಮಾತು. ಕಂಟ್ರೋಲ್-ಕ್ಯೂ ಒತ್ತಿದರೆ ಸಾಲು ಕರ್ವ್ ಆಗುತ್ತದೆ, ಶೇಡ್ ಕೂಡ ಸಾಲಿಡೀ ಒಂದೇ ಆಗಿ ಉಳಿಯುತ್ತದೆ. ಅಲ್ಲೊಂದು ಅಕ್ಷರ ಸರಿಸಬೇಕೆಂದು ಕಂಟ್ರೋಲ್-ಕೆ ಒತ್ತಿ ಒಡೆದರೆ ಬ-ದ ಹೊಟ್ಟೆಯ ತೂತು ಮುಚ್ಚಿಹೋಗುತ್ತದೆ, ಪ್ರತಿ ತುಂಡಿಗೂ ಪ್ರತ್ಯೇಕ ಶೇಡ್ ಬರುತ್ತದೆ. ಕಂಟ್ರೋಲ್-ಎಲ್ ಒತ್ತಿ ಮತ್ತೆ ಕೂಡಿಸಿದರೆ ಶೇಡ್ ಸರಿಹೋಗುತ್ತದೆ, ಆದರೆ ತಲೆಕಟ್ಟು ಮೈಯ ಮೇಲೆ ಹತ್ತಿ ಕೂತ ಜಾಗದಲ್ಲಿ ಬಿಳಿ ಕಿಂಡಿ ಬೀಳುತ್ತದೆ. ಎರಡು ಆಕೃತಿ ಒಂದರ ಮೇಲೊಂದು ಬಿದ್ದ ಭಾಗವನ್ನು ಕೋರೆಲ್ ತೂತೆಂದು ಓದುವುದರಿಂದ ಹೀಗೆ. ಒಂದು ಅಕ್ಷರದ ತುಂಡುಗಳನ್ನು ಮೊದಲು ‘ವೆಲ್ಡ್’ ಮಾಡಿ, ಆಮೇಲೆ ಸಾಲನ್ನು ಕೂಡಿಸುವುದೇ ದಾರಿ.

ನಡುವಿನ ಬಣ್ಣ

ತುದಿಗಳ ಬಣ್ಣವನ್ನು ಡಿಸೈನರ್ ಆರಿಸುತ್ತಾನೆ, ನಡುವಿನದನ್ನು ಗಣಿತ. ಆರ್‌ಜಿಬಿ ಕ್ರಮದಲ್ಲಿ ಹಳದಿ 255-255-0, ನೀಲಿ 0-0-255. ಅವುಗಳ ಸರಾಸರಿ ಮೂರೂ ಕಡೆ ಸುಮಾರು 128, ಅಂದರೆ ಶುದ್ಧ ಬೂದಿ. ಎರಡು ಹೊಳೆಯುವ ಬಣ್ಣಗಳ ನಡುವೆ ಹೀಗೆ ಬೂದಿ ಬಳಿದಂತಾಗುವುದು ಈ ಸರಾಸರಿಯ ಹುಟ್ಟುಗುಣ.

ಕನ್ನಡ ಬಾವುಟಕ್ಕೆ ಈ ತೊಂದರೆ ಇಲ್ಲ. ಮುದ್ರಣದ ಸಿಎಂವೈಕೆ ಕ್ರಮದಲ್ಲಿ ಅರಿಶಿನವೆಂದರೆ ಹಳದಿ ಶಾಯಿ ನೂರು, ಕುಂಕುಮವೆಂದರೆ ಅದೇ ಹಳದಿ ನೂರು ಜೊತೆಗೆ ಮಜೆಂಟಾ ನೂರು. ಹಳದಿ ಕದಲುವುದೇ ಇಲ್ಲ, ಮಜೆಂಟಾ ಒಂದೇ ಏರುತ್ತದೆ. ನಡುವೆ ಬರುವುದು ಚೊಕ್ಕ ಕಿತ್ತಳೆ. ರಾಜ್ಯೋತ್ಸವದ ಬ್ಯಾನರಿನ ಶೇಡ್ ಎಂಥ ಹೊಸಬನ ಕೈಯಲ್ಲೂ ಕೆಡದಿರುವ ಗುಟ್ಟು ಇದು. ಕೇಸರಿಯಿಂದ ಹಸಿರಿಗೆ ನೇರವಾಗಿ ಇಳಿಸಿದರೆ ನಡುವೆ ಪಾಚಿಬಣ್ಣ ಹುಟ್ಟುತ್ತದೆ. ತ್ರಿವರ್ಣದಲ್ಲಿ ಹೇಗಿದ್ದರೂ ಬಿಳಿ ಇರುವುದರಿಂದ ಅಲ್ಲಿಯೂ ಪಾರು.

ಯಕ್ಷಗಾನದ ಬ್ಯಾನರಿಗೆ ಬರೋಣ. ಮಹಿಷಾಸುರನ ಬಣ್ಣದ ವೇಷದ ಹಿಂದೆ ಕಪ್ಪಿನಿಂದ ಬೆಂಕಿಗೆಂಪಿಗೆ ಏರುವ ಹಿನ್ನೆಲೆ ಸಾಮಾನ್ಯ. ಬರೀ ಕಪ್ಪು ಶಾಯಿ ನೂರು ಒಂದು ತುದಿ, ಮಜೆಂಟಾ-ಹಳದಿ ನೂರು ಇನ್ನೊಂದು ತುದಿ ಎಂದು ಇಟ್ಟರೆ ನಡುವಿನಲ್ಲಿ ಮೂರೂ ಐವತ್ತೈವತ್ತಾಗಿ ಕೆಂಪು ಸತ್ತು ಕಂದು ಬೂದಿಯಾಗುತ್ತದೆ. ಪಳಗಿದವರು ಕಪ್ಪು ತುದಿಗೂ ಮಜೆಂಟಾ ನೂರು, ಹಳದಿ ನೂರು ಬೆರೆಸಿಡುತ್ತಾರೆ. ಆಗ ಇಳಿಯುವುದು ಕಪ್ಪು ಮಾತ್ರ, ಕೆಂಪು ಉದ್ದಕ್ಕೂ ಜೀವಂತ. ವೇಣೂರು-ಪೆರ್ಮುಡದ ಸೂರ್ಯ-ಚಂದ್ರ ಜೋಡುಕರೆ ಕಂಬಳದಂಥ ಹೆಸರಿಗೆ ಚಿತ್ರ ಬರೆಯುವಾಗ ಸೂರ್ಯನಿಗೆ ಕೇಂದ್ರದಿಂದ ಹರಡುವ ರೇಡಿಯಲ್ ಇಳಿತ ಸಾಕು. ಚಂದ್ರನಿಗೆ ಅದೇ ಇಳಿತದ ಕೇಂದ್ರವನ್ನು ಒಂದು ಬದಿಗೆ ಸರಿಸಬೇಕು.

ಜಾಲ

ನೇರ ಇಳಿತಕ್ಕೆ ಒಂದೇ ದಿಕ್ಕು, ರೇಡಿಯಲ್ ಇಳಿತಕ್ಕೆ ಒಂದೇ ಕೇಂದ್ರ. ವೇಣೂರಿನಲ್ಲಿ 1604ರಲ್ಲಿ ನಿಂತ 35 ಅಡಿಯ ಬಾಹುಬಲಿಯನ್ನು ಇವೆರಡರಿಂದಲೇ ಬಿಡಿಸಿದರೆ ಭುಜ ನೀರಿನ ಡ್ರಮ್ಮಿನಂತೆ, ಕೆನ್ನೆ ಚೆಂಡಿನಂತೆ ಕಾಣುತ್ತದೆ. ಕಲ್ಲಿನ ಮೈ ತಿರುಗಿದಂತೆ ನೆರಳೂ ತಿರುಗಬೇಕೆಂದರೆ ಆಕೃತಿಯ ಮೇಲೆ ಬಲೆಯಂಥ ಗೆರೆಗಳನ್ನು ಹಾಸಿ ಗಂಟುಗಂಟಿಗೂ ಬಣ್ಣ ಕೊಡಬೇಕು. 1998ರ ಇಲಸ್ಟ್ರೇಟರ್ 8 ಇದನ್ನು ‘ಗ್ರೇಡಿಯೆಂಟ್ ಮೆಶ್’ ಎಂದು ತಂದಿತು. 1999ರ ಕೋರೆಲ್ 9 ‘ಮೆಶ್ ಫಿಲ್’ ಎಂದಿತು. ಫಲಿತಾಂಶ ಫೋಟೊದಂತೆ, ಶ್ರಮ ಕಸೂತಿಯಂತೆ. ನಿತ್ಯದ ಕೆಲಸಕ್ಕೆ ಇದು ಇಳಿಯಲಿಲ್ಲ.

ಆಮೇಲಿನ ಬದಲಾವಣೆಗಳು ಹೆಚ್ಚಾಗಿ ತಿದ್ದುವ ಸೌಕರ್ಯದವು. 2008ರ ಇಲಸ್ಟ್ರೇಟರ್ ಸಿಎಸ್4ರಲ್ಲಿ ಇಳಿತದ ಹಿಡಿ ಚಿತ್ರದ ಮೇಲೆಯೇ ಬಂತು, ಬಣ್ಣ ಪಾರದರ್ಶಕತೆಗೆ ಇಳಿಯುವುದೂ ಸಾಧ್ಯವಾಯಿತು. 2012ರ ಸಿಎಸ್6ರಲ್ಲಿ ಹೊರಗೆರೆಗೂ ಗ್ರೇಡಿಯೆಂಟ್ ಬಂತು. ಕೋರೆಲ್ 2014ರ ಎಕ್ಸ್7ರಲ್ಲಿ ಫೌಂಟನ್ ಫಿಲ್ಲನ್ನು ಹೊಸದಾಗಿ ಕಟ್ಟಿ, ಒಂದೊಂದು ಬಣ್ಣದ ಬಿಂದುವಿಗೂ ಬೇರೆಬೇರೆ ಪಾರದರ್ಶಕತೆ ಕೊಡುವಂತೆ ಮಾಡಿತು. ಚಪ್ಪಟೆ ಬಣ್ಣದ ಫ್ಯಾಷನ್ ನಡುವೆ ಬಂದು ಹೋಯಿತು. 2016ರಲ್ಲಿ ಇನ್‌ಸ್ಟಾಗ್ರಾಂನ ಹೊಸ ಲಾಂಛನ ಇಳಿಬಣ್ಣವನ್ನು ಮರಳಿ ಕರೆತಂದ ಮೇಲೆ ಹಲವರು ಅದೇ ದಾರಿ ಹಿಡಿದರು. 2018ರ ಅಕ್ಟೋಬರ್‌ನಲ್ಲಿ ಇಲಸ್ಟ್ರೇಟರ್ ‘ಫ್ರೀಫಾರ್ಮ್ ಗ್ರೇಡಿಯೆಂಟ್’ ಕೊಟ್ಟಿತು: ಬೇಕಾದಲ್ಲಿ ಬಣ್ಣದ ಚುಕ್ಕೆ ಇಟ್ಟರೆ ಸಾಕು, ಬಲೆ ಹಾಸುವ ಗೋಜಿಲ್ಲ.

ಉಚಿತ ತಂತ್ರಾಂಶದ ಕಡೆ ಒಂದು ಇತ್ಯರ್ಥವಾಗದ ವ್ಯಾಜ್ಯವಿದೆ. 2001ರ ಸೆಪ್ಟೆಂಬರ್‌ನಲ್ಲಿ ಅಂತರಜಾಲದ ಮಾನಕವಾದ ಎಸ್‌ವಿಜಿಗೆ ನೇರ ಮತ್ತು ರೇಡಿಯಲ್ ಎರಡೇ ಇಳಿತ ಗೊತ್ತು. ಎಸ್‌ವಿಜಿ 2ರ ಕರಡಿನಲ್ಲಿ ಸೇರಿದ್ದ ಜಾಲ ಗ್ರೇಡಿಯೆಂಟನ್ನು ಆಮೇಲೆ ಕೈಬಿಡಲಾಯಿತು. ಇಂಕ್‌ಸ್ಕೇಪ್ ಮಾತ್ರ 2017ರ ಜನವರಿಯ 0.92 ಆವೃತ್ತಿಯಲ್ಲಿ ಅದನ್ನು ಕೊಟ್ಟೇಬಿಟ್ಟಿತು. ಬ್ರೌಸರುಗಳಿಗೆ ಅದು ಅರ್ಥವಾಗದ ಕಾರಣ ಫೈಲಿನ ಜೊತೆ ಒಂದು ಪುಟ್ಟ ಜಾವಾಸ್ಕ್ರಿಪ್ಟ್ ತುಣುಕನ್ನೂ ಕಟ್ಟಿ ಕಳುಹಿಸುತ್ತದೆ.

ಫ್ಲೆಕ್ಸ್‌ನಿಂದ ಬಟ್ಟೆಗೆ

ಬಿ.ಸಿ.ರೋಡ್, ಗುರುವಾಯನಕೆರೆ, ಉಜಿರೆ, ಮೂಡುಬಿದಿರೆಯಂಥ ಜಂಕ್ಷನ್‌ಗಳಲ್ಲಿ ಬಣ್ಣದ ಬೋರ್ಡುಗಳ ಜಾಗವನ್ನು ಫ್ಲೆಕ್ಸ್ ಹಿಡಿದುಕೊಂಡಿತು. ಚದರಡಿ ಲೆಕ್ಕ, ರೀಪಿನ ಚೌಕಟ್ಟು, ರಾತ್ರಿ ಕೊಟ್ಟರೆ ಬೆಳಿಗ್ಗೆ ತಯಾರು. ದೊಡ್ಡ ಅಳತೆಯ ಕಡತ ಬೇಗ ಓಡಲೆಂದು ಅದನ್ನು ಜೆಪೆಗ್ ಮಾಡಿ ಕಳುಹಿಸುವುದು ರೂಢಿ. ಅಲ್ಲಿಗೆ ವೆಕ್ಟರ್ ಸೂತ್ರ ಕಳೆದುಹೋಗಿ, ಒತ್ತಿ ಕುಗ್ಗಿಸಿದ ಇಳಿಬಣ್ಣದಲ್ಲಿ 8x8 ಚುಕ್ಕೆಗಳ ಚೌಕಗಳು ಎದ್ದು ಕಾಣುತ್ತವೆ. ಟಿಫ್ ಕಡತಕ್ಕೆ ಈ ರೋಗವಿಲ್ಲ, ತೂಕ ಹೆಚ್ಚು.

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್ ಎಲ್ಲವೂ ಸೇರಿದ್ದವು. 2022ರ ಜುಲೈ 1ರಿಂದ ಜಾರಿಯಾದ ಕೇಂದ್ರದ ನಿಷೇಧದ ಪಟ್ಟಿಯಲ್ಲಿ 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್ ಇದೆ. ಕಾನೂನಿನ ಪ್ರಕಾರ ಉಳಿದ ಒಂದು ದಾರಿ ಬಟ್ಟೆ. ಫ್ಲೆಕ್ಸ್‌ನ ನುಣುಪು ಮೈಯಲ್ಲಿ ಚುಕ್ಕೆ ಬಿದ್ದಲ್ಲೇ ನಿಲ್ಲುತ್ತಿತ್ತು, ಹತ್ತಿಯ ನೇಯ್ಗೆಯಲ್ಲಿ ಶಾಯಿ ಎಳೆ ಹಿಡಿದು ಹರಡುತ್ತದೆ. ಬಿಳಿಯಿಂದ ಶುರುವಾಗುವ ತೀರಾ ತಿಳಿಯಾದ ಇಳಿತ ಅಲ್ಲಿ ನೂಲಿನ ಗೆರೆಗಳಲ್ಲಿ ಕಳೆದುಹೋಗುತ್ತದೆ. ಅರಿಶಿನದಿಂದ ಕುಂಕುಮಕ್ಕೆ ಇಳಿಯುವ ಶೇಡ್ ಬಟ್ಟೆಯ ಮೇಲೂ ನಿಲ್ಲುತ್ತದೆ.